ನಿಂತ ನೀರು

ಹರಿಯುವ ನೀರಿಗೂ ನಿಂತ ನೀರಿಗೂ ದೊಡ್ಡದೊಂದು ಅಂತರವುಂಟು. ಹರಿಯುವ ನೀರು ತನ್ನಲ್ಲಿ ಬಿದ್ದುದನ್ನು ಮುಂದಕ್ಕೆ ಸಾಗಿಸುತ್ತದೆ. ನಿಂತ ನೀರು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ಹತ್ತು ಜನ ಇಳಿದು ಮಿಂದರೆ ಆ ಹತ್ತು ಜನರ ಬೆವರು, ಮಣ್ಣು, ತಲೆಯ ಎಣ್ಣೆ, ಕಣ್ಣಿಗೆ ಕಾಣದ ಕ್ರಿಮಿಗಳು ಎಲ್ಲವೂ ಅಲ್ಲಿಯೇ ಉಳಿಯುತ್ತವೆ. ಹನ್ನೊಂದನೆಯವನು ಇಳಿಯುವುದು ನೀರಿಗೆ ಮಾತ್ರವಲ್ಲ, ಈ ಎಲ್ಲ ಉಳಿಕೆಗೂ ಹೌದು. ಊರ ಬಾವಿಯಾಗಲಿ, ದೇವಾಲಯದ ಪುಷ್ಕರಣಿಯಾಗಲಿ, ನಗರದ ನೀಲಿ ಬಿಲ್ಲೆ ಹಾಸಿದ ಈಜುಕೊಳವಾಗಲಿ ಈ ಮಾತಿಗೆ ಹೊರತಲ್ಲ.

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಮತ್ತು ಅದರ ಸುತ್ತಣ ಅಫಜಲಪುರ, ಆಳಂದ ಸೀಮೆ ಎರೆಭೂಮಿಯ ನಾಡು. ಭೀಮಾ ನದಿ ಈ ಸೀಮೆಯಲ್ಲಿ ಹರಿಯುವುದಾದರೂ ಎಲ್ಲ ಊರುಗಳಿಗೂ ಅದು ಹತ್ತಿರವಲ್ಲ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ, ನೆಲ ಬಾಯಿ ಬಿಡುತ್ತದೆ. ಇಂಥ ಕಡೆ ಶಾಲೆಗೆ ರಜೆ ಬಂತೆಂದರೆ ಹುಡುಗರ ಕಾಲು ತಾನಾಗಿಯೇ ಬಾವಿಯ ಕಡೆಗೆ ತಿರುಗುವುದರಲ್ಲಿ ಆಶ್ಚರ್ಯವೇನಿದೆ? ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು, ಅಣ್ಣನೋ ಮಾವನೋ ಮೇಲಿನಿಂದ ಹಿಡಿದ ಹಗ್ಗದ ಆಸರೆಯಲ್ಲಿ ಈಜು ಕಲಿತವರು ನಮ್ಮ ಹಳ್ಳಿಗಳಲ್ಲಿ ಅಸಂಖ್ಯರು. ಈಜು ಉತ್ತಮ ವ್ಯಾಯಾಮ, ಆಪತ್ತಿನಲ್ಲಿ ಪ್ರಾಣರಕ್ಷಕ ವಿದ್ಯೆ. ಬೆಂಗಳೂರಿನ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಈಜಿದಾಗ ಆಕೆಗೆ ಹದಿನಾಲ್ಕು ವರ್ಷ, ಎಂದರೆ ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಆದುದರಿಂದ ನೀರಿಗಿಳಿಯಬೇಡಿರೆಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಇಳಿಯುವ ನೀರು ಎಂಥದು, ಅದನ್ನು ಕಾಯುವುದು ಹೇಗೆ ಎಂಬುದೇ ಇಲ್ಲಿಯ ವಿಚಾರ.

ನೀರನ್ನು ನಿಲ್ಲಿಸಿ ಅದರಲ್ಲಿ ಮೀಯುವ ಏರ್ಪಾಡು ಬಹಳ ಹಳೆಯದು. ಸುಮಾರು 4,500 ವರ್ಷಗಳ ಹಿಂದಿನ ಮೊಹೆಂಜೊದಾರೊ ನಗರದ ಮಹಾಸ್ನಾನಗೃಹ ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, ಎರಡೂವರೆ ಮೀಟರಿನಷ್ಟು ಆಳವಾಗಿತ್ತು. ನೀರು ಸೋರದಂತೆ ಇಟ್ಟಿಗೆಗಳ ಹಿಂದೆ ಡಾಂಬರಿನಂಥ ನೈಸರ್ಗಿಕ ಅಂಟನ್ನು ಬಳಿದಿದ್ದರು. ಅದಕ್ಕಿಂತ ಮುಖ್ಯವಾದುದು, ಕೊಳವನ್ನು ಬರಿದು ಮಾಡಲು ಒಂದು ಮೂಲೆಯಲ್ಲಿ ದೊಡ್ಡ ಚರಂಡಿಯನ್ನು ಕಟ್ಟಿದ್ದರು. ನೀರನ್ನು ತುಂಬುವ ಬುದ್ಧಿ ಎಲ್ಲರಿಗೂ ಹೊಳೆಯುತ್ತದೆ. ಹಳೆಯ ನೀರನ್ನು ಹೊರಗೆ ಬಿಡುವ ಬುದ್ಧಿ ಹೊಳೆದುದರಲ್ಲಿಯೇ ಆ ಜನರ ಹಿರಿಮೆ ಕಾಣುತ್ತದೆ. ನಮ್ಮ ನಾಡಿನಲ್ಲಿ ಹಂಪಿಯ ಅರಮನೆಯ ಆವರಣದ ಮೆಟ್ಟಿಲುಕೊಳ, 1620ರಲ್ಲಿ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ವಿಜಯಪುರದಲ್ಲಿ ಕಟ್ಟಲ್ಪಟ್ಟ ತಾಜ್ ಬಾವಡಿ ಮೊದಲಾದವು ಶಿಲ್ಪಕ್ಕೂ ಜಲವಿದ್ಯೆಗೂ ಹೆಸರಾದವು. ಇಂಥ ದೊಡ್ಡ ರಚನೆಗಳಲ್ಲದೆ, ಹೆಸರಿಲ್ಲದ ಸಣ್ಣ ಮೆಟ್ಟಿಲುಬಾವಿಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿಯೂ ಇದ್ದವು. ಪಾವಟಿಗೆಗಳನ್ನಿಳಿದು ನೀರಿನಂಚಿಗೆ ಹೋಗಿ, ಕಾಲು ತೊಳೆದು, ಕೊಡವನ್ನು ಅದ್ದಿ ತುಂಬಿ, ಸೊಂಟದ ಮೇಲಿರಿಸಿಕೊಂಡು ಹತ್ತಿ ಬರುವುದು ನಿತ್ಯದ ನೋಟವಾಗಿತ್ತು. ಆ ನೋಟ ನೋಡಲು ಚೆನ್ನ. ಆದರೆ ಅದರ ಒಡಲಲ್ಲಿ ಒಂದು ಘೋರವಾದ ರೋಗ ಅಡಗಿತ್ತು.

ಅದರ ಹೆಸರು ನಾರುಹುಣ್ಣು. ಇಂದಿನ ವಿದ್ಯಾರ್ಥಿಗಳು ಈ ಹೆಸರನ್ನು ಕೇಳಿರಲಾರರು. ನಿಮ್ಮ ಊರಿನ ಹಿರಿಯರನ್ನು ಕೇಳಿದರೆ ಕೆಲವರು ಮೊಣಕಾಲಿನ ಕೆಳಗಿನ ಹಳೆಯ ಕಲೆಯನ್ನು ತೋರಿಸಿಯಾರು. ಮೊದಲು ಕಾಲಿನ ಮೇಲೊಂದು ಗುಳ್ಳೆ ಏಳುತ್ತದೆ. ಬೆಂಕಿಯಿಟ್ಟಂತೆ ಉರಿಯುತ್ತದೆ. ಗುಳ್ಳೆ ಒಡೆದಾಗ ಬಿಳಿಯ ದಾರದಂಥ ಹುಳುವಿನ ತುದಿ ಕಾಣಿಸಿಕೊಳ್ಳುತ್ತದೆ. ಆ ಹುಳು ಒಂದು ಮೀಟರಿನವರೆಗೂ ಉದ್ದವಾಗಿರಬಹುದು. ಅದನ್ನು ಒಮ್ಮೆಗೇ ಎಳೆಯುವಂತಿಲ್ಲ. ಎಳೆದರೆ ತುಂಡಾಗಿ, ಒಳಗುಳಿದ ಭಾಗ ಕೀವುಗಟ್ಟಿ ಕಾಲೇ ಬಾತುಹೋಗುತ್ತದೆ. ಸಣ್ಣ ಕಡ್ಡಿಯೊಂದಕ್ಕೆ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಸುರುಳಿ ಸುತ್ತಬೇಕು. ಅಷ್ಟು ಕಾಲವೂ ರೈತನಿಗೆ ಹೊಲವಿಲ್ಲ, ಮಗುವಿಗೆ ಶಾಲೆಯಿಲ್ಲ.

ಈ ಹುಳು ಬಂದುದೆಲ್ಲಿಂದ? ಶಾಪದಿಂದ ಎಂದರು ಕೆಲವರು, ಕೆಟ್ಟ ರಕ್ತದಿಂದ ಎಂದರು ಇನ್ನು ಕೆಲವರು. 1870ರಲ್ಲಿ ಫೆಡ್ಚೆಂಕೊ ಎಂಬ ರಷ್ಯದ ವಿಜ್ಞಾನಿ ಇದರ ಗುಟ್ಟನ್ನು ಹೊರಗೆಡಹಿದನು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕಿರುಜೀವಿಯಿರುತ್ತದೆ. ಗ್ರೀಕರ ಪುರಾಣದ ಒಂಟಿಕಣ್ಣಿನ ರಾಕ್ಷಸನ ಹೆಸರು ಅದಕ್ಕೆ ಬಂದುದು, ಅದಕ್ಕೂ ಒಂದೇ ಕಣ್ಣಿರುವುದರಿಂದ. ಗಾಜಿನ ಲೋಟದಲ್ಲಿ ಕೆರೆಯ ನೀರನ್ನು ತುಂಬಿ ಬೆಳಕಿಗೆ ಹಿಡಿದರೆ ಕುಪ್ಪಳಿಸುವ ಬಿಳಿಯ ಚುಕ್ಕೆಯಂತೆ ಅದು ಬರಿಗಣ್ಣಿಗೂ ಕಂಡೀತು. ನಾರುಹುಣ್ಣಿನವನು ಉರಿ ತಾಳಲಾರದೆ ಕಾಲನ್ನು ತಣ್ಣೀರಿಗೆ ಇಟ್ಟೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಆ ಮರಿಗಳನ್ನು ನುಂಗುತ್ತದೆ. ಎರಡು ವಾರಗಳ ತರುವಾಯ ಆ ಸೈಕ್ಲಾಪ್ಸ್ ಇರುವ ನೀರನ್ನು ಯಾರಾದರೂ ಕುಡಿದರೆ, ಹೊಟ್ಟೆಯ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿ ಮಾತ್ರ ಸಾಯದೆ ಕರುಳಿನ ಗೋಡೆಯನ್ನು ತೂರಿ ದೇಹದೊಳಗೆ ಬೆಳೆಯುತ್ತದೆ. ಒಂದು ವರ್ಷದ ಮೇಲೆ ಅದೇ ಬೇಸಗೆಯಲ್ಲಿ, ಅದೇ ಬಾವಿಗೆ ಇಳಿಯುವ ಇನ್ನೊಂದು ಕಾಲಿನಲ್ಲಿ ಗುಳ್ಳೆ ಏಳುತ್ತದೆ. ಕಾಲಿನಿಂದ ನೀರಿಗೆ, ನೀರಿನಿಂದ ಬಾಯಿಗೆ: ಮೆಟ್ಟಿಲುಬಾವಿ ಈ ಚಕ್ರಕ್ಕೆ ಹೇಳಿ ಮಾಡಿಸಿದಂತಿತ್ತು.

ಈ ರೋಗಕ್ಕೆ ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ, ಇಂದಿಗೂ ಇಲ್ಲ. ಆದರೂ ಭಾರತ ಇದನ್ನು ಗೆದ್ದಿತು. 1983–84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾದಾಗ ಏಳು ರಾಜ್ಯಗಳಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ರೋಗಿಗಳಿದ್ದರು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಮೊದಲಾದ ಒಣನಾಡಿನ ಜಿಲ್ಲೆಗಳೇ ಇದರ ನೆಲೆ. ಮಾಡಿದ ಕೆಲಸಗಳು ಕೇಳಲು ಬಹು ಸರಳ. ಪಾವಟಿಗೆಗಳನ್ನು ಮುಚ್ಚಿ, ಸುತ್ತಲೂ ಕಟ್ಟೆ ಕಟ್ಟಿ, ರಾಟೆ ಹೂಡಿ ಮೆಟ್ಟಿಲುಬಾವಿಯನ್ನು ಸೇದುಬಾವಿಯಾಗಿ ಮಾರ್ಪಡಿಸಿದರು; ಕೊಳವೆಬಾವಿಗಳನ್ನು ಕೊರೆದರು; ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ನೀರನ್ನು ಸೋಸಲು ಕಲಿಸಿದರು; ಟೆಮೆಫಾಸ್ ಎಂಬ ರಾಸಾಯನಿಕವನ್ನು ಲೀಟರಿಗೆ ಒಂದು ಮಿಲಿಗ್ರಾಮಿನಂತೆ ಬೆರೆಸಿ ಸೈಕ್ಲಾಪ್ಸ್‌ಗಳನ್ನು ಕೊಂದರು; ರೋಗಿಯ ಕಾಲು ನೀರಿಗೆ ತಾಗದಂತೆ ಕಾದರು. ಆರೋಗ್ಯ ಕಾರ್ಯಕರ್ತರು ಮನೆಮನೆ ಸುತ್ತಿ ರೋಗಿಗಳನ್ನು ಹುಡುಕಿದರು. 1996ರ ಜುಲೈ ತಿಂಗಳಲ್ಲಿ ರಾಜಾಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದುದೇ ದೇಶದ ಕೊನೆಯ ಪ್ರಕರಣ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಪ್ರಮಾಣೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರನ್ನು ಪೀಡಿಸುತ್ತಿದ್ದ ರೋಗ 2023ರ ವೇಳೆಗೆ 14 ಜನರಿಗೆ ಇಳಿಯಿತು. ಯುದ್ಧಗಳನ್ನು ಗೆದ್ದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಬಾವಿಗೆ ಕಟ್ಟೆ ಕಟ್ಟಿದ ಗೌಂಡಿಯ ಹೆಸರು ಎಲ್ಲಿಯೂ ಇಲ್ಲ.

ಮೆಟ್ಟಿಲುಬಾವಿಗಳನ್ನು ಹಾಗೆ ಮುಚ್ಚಿದುದು ಸರಿಯಾಯಿತೇ ಎಂದು ಕೇಳುವವರುಂಟು. ಕುಡಿಯುವ ನೀರಿನ ಮಟ್ಟಿಗೆ ಸರಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಬಳಕೆ ತಪ್ಪಿದ ಬಾವಿಗಳನ್ನು ಕಸದ ಗುಂಡಿಗಳಾಗಿಸಿದುದು ಸರಿಯಲ್ಲ. ಅಂತರ್ಜಲಕ್ಕೆ ಬಾವಿಯೊಂದು ತೆರೆದ ಬಾಗಿಲು. ಅದರಲ್ಲಿ ಸುರಿದ ಹೊಲಸು ಪಕ್ಕದ ಕೊಳವೆಬಾವಿಗೂ ಇಳಿಯಬಹುದು.

ಇನ್ನು ಬಾವಿಯ ನೀರನ್ನು ಶುದ್ಧಿಗೊಳಿಸುವ ಬಗೆ. ಕಾಲರಾ, ವಿಷಮಶೀತ ಜ್ವರ, ಆಮಶಂಕೆಗಳ ಕ್ರಿಮಿಗಳನ್ನು ಕೊಲ್ಲಲು ಹಳ್ಳಿಯಲ್ಲಿ ಸುಲಭವಾಗಿ ದೊರೆಯುವುದು ಚೆಲುವೆ ಪುಡಿ, ಎಂದರೆ ಬ್ಲೀಚಿಂಗ್ ಪೌಡರು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬಟ್ಟೆಯನ್ನು ಬಿಳುಪುಗೊಳಿಸಲು ಇದನ್ನು ತಯಾರಿಸಿದನು. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ದೊರೆಯುತ್ತದೆ. ಗಾಳಿ, ಬೆಳಕು, ತೇವ ತಾಗಿದರೆ ಅದರ ಸತ್ವ ಹಾರಿಹೋಗುತ್ತದೆ. ಬಾಯಿ ಬಿಚ್ಚಿದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪುಡಿಯನ್ನು ಬಾವಿಗೆ ಹಾಕುವುದೂ ಸುಣ್ಣ ಹಾಕುವುದೂ ಒಂದೇ.

ಎಷ್ಟು ಹಾಕಬೇಕು? ಇಲ್ಲಿ ನೀವು ಕಲಿತ ಗಣಿತವೇ ಸಾಕು. ದುಂಡು ಬಾವಿಯ ವ್ಯಾಸವನ್ನು ವ್ಯಾಸದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿ 4ರಿಂದ ಭಾಗಿಸಿರಿ. ವ್ಯಾಸ 3 ಮೀಟರು, ನೀರಿನ ಆಳ 4 ಮೀಟರು ಎನ್ನೋಣ. ಉತ್ತರ 28.26 ಘನ ಮೀಟರು, ಎಂದರೆ 28,260 ಲೀಟರು. ಸಾಮಾನ್ಯವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪುಡಿ ಸಾಕಾಗುವುದರಿಂದ ಈ ಬಾವಿಗೆ ಸುಮಾರು 70 ಗ್ರಾಂ ಬೇಕು. ಬಾವಿ ಚೌಕವಾಗಿದ್ದರೆ ಲೆಕ್ಕ ಇನ್ನೂ ಸುಲಭ. ಪುಡಿಯನ್ನು ನೇರವಾಗಿ ಬಾವಿಗೆ ಎರಚಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ತೆಳ್ಳಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ಟಿನವರೆಗೆ ನೀರು ತುಂಬಿ ಕದಡಿ, ಐದು ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಅಲುಗಿಸಿ ಬೆರೆಸಬೇಕು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರಿನ ಗಡಸುತನ ಹೆಚ್ಚುತ್ತದೆ. ಎರೆಸೀಮೆಯ ನೀರು ಮೊದಲೇ ಗಡಸು, ಅದಕ್ಕೆ ನಾವು ಮತ್ತಷ್ಟು ಸೇರಿಸುವುದು ಬೇಡ. ಕ್ಲೋರಿನ್ ತನ್ನ ಕೆಲಸ ಮಾಡಲು ಕನಿಷ್ಠ ಒಂದು ಗಂಟೆ ಬೇಕು. ರಾತ್ರಿ ನೀರು ಸೇದುವುದು ನಿಂತ ಮೇಲೆ ಹಾಕಿದರೆ ಬೆಳಗಿಗೆ ನೀರು ಸಿದ್ಧವಾಗಿರುತ್ತದೆ.

ನಗರದ ಈಜುಕೊಳದ ಕಾವಲು ಇದೇ ತತ್ತ್ವದ ಮೇಲೆಯೇ ನಿಂತಿದೆಯಾದರೂ ಅಲ್ಲಿ ಕೆಲಸ ದಿನಕ್ಕೊಮ್ಮೆ ಮುಗಿಯುವಂಥದಲ್ಲ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 3,75,000 ಲೀಟರು ನೀರು ಹಿಡಿಯುತ್ತದೆ. ಇಷ್ಟು ನೀರನ್ನು ದಿನವೂ ಚೆಲ್ಲಿ ಹೊಸದಾಗಿ ತುಂಬುವುದು ಬರದ ನಾಡಿನಲ್ಲಿ ಪಾಪವೇ ಸರಿ. ಆದುದರಿಂದ ಇದ್ದ ನೀರನ್ನೇ ಪಂಪಿನಿಂದ ಎಳೆದು, ಮರಳಿನ ಸೋಸುಪಾತ್ರೆಯ ಮೂಲಕ ಹಾಯಿಸಿ, ಕ್ಲೋರಿನ್ ಬೆರೆಸಿ ಮತ್ತೆ ಕೊಳಕ್ಕೆ ಬಿಡುತ್ತಾರೆ. ಕೊಳದ ನೀರೆಲ್ಲವೂ ಆರು ಗಂಟೆಗಳೊಳಗೆ ಒಮ್ಮೆ ಹೀಗೆ ಸುತ್ತಿ ಬರಬೇಕು. ಮರಳಿನಲ್ಲಿ ಕೊಳೆ ಸಿಕ್ಕಿಕೊಂಡು ದಾರಿ ಕಟ್ಟಿದಾಗ ನೀರನ್ನು ಹಿಂದುಮುಂದಾಗಿ ಹರಿಸಿ ತೊಳೆಯುತ್ತಾರೆ. ನಿಂತ ನೀರನ್ನು ಹರಿಯುವ ನೀರಾಗಿಸುವ ಉಪಾಯವಿದು.

ನೀರಿನಲ್ಲಿ ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಮಿಗೆ ಕಡಿಮೆಯಾಗದೆ ಸದಾ ಉಳಿದಿರಬೇಕು. ಬಿಸಿಲು ಅದನ್ನು ಕೆಡಿಸುತ್ತದೆ, ಈಜುವವರ ಬೆವರು ಅದನ್ನು ತಿನ್ನುತ್ತದೆ. ಹೀಗಾಗಿ ಮತ್ತೆ ಮತ್ತೆ ಅಳೆಯುವುದು ಅನಿವಾರ್ಯ. ನೀರಿನ ಆಮ್ಲ-ಕ್ಷಾರಗಳ ಅಳತೆಯಾದ ಪಿ.ಎಚ್. ಮಾನವೂ 7.2ರಿಂದ 7.8ರ ನಡುವೆ ಇರಬೇಕು. ಕ್ಷಾರ ಹೆಚ್ಚಾದರೆ ಕ್ಲೋರಿನ್ ಇದ್ದೂ ಇಲ್ಲದಂತೆ ಮಂಕಾಗುತ್ತದೆ; ಆಮ್ಲ ಹೆಚ್ಚಾದರೆ ಕಣ್ಣು ಉರಿಯುತ್ತದೆ, ಕೊಳವೆಗಳು ಸವೆಯುತ್ತವೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಕೊಳದ ಬಳಿ ಮೂಗಿಗೆ ಅಡರುವ ಘಾಟು ವಾಸನೆ ಬಂದರೆ ನೀರು ಬಹಳ ಶುದ್ಧವಾಗಿದೆಯೆಂದು ಜನ ತಿಳಿಯುತ್ತಾರೆ. ಆ ವಾಸನೆ ಕ್ಲೋರಿನ್ನು ಬೆವರು ಮತ್ತು ಮೂತ್ರದೊಡನೆ ಕೂಡಿ ಹುಟ್ಟಿದ ಕ್ಲೋರಮೀನುಗಳದು. ಘಾಟು ಹೆಚ್ಚಿದಷ್ಟೂ ಕೊಳೆ ಹೆಚ್ಚೆಂದೇ ಅರ್ಥ. ಕೊಳಕ್ಕಿಳಿಯುವ ಮುನ್ನ ಮೈತೊಳೆದುಕೊಳ್ಳಿರೆಂಬ ಫಲಕವನ್ನು ಹೆಚ್ಚಿನವರು ಓದಿ ಮುಂದೆ ನಡೆಯುತ್ತಾರೆ. ಆ ಒಂದು ನಿಮಿಷದ ಸ್ನಾನ ಒಂದು ಡಬ್ಬಿ ರಾಸಾಯನಿಕವನ್ನು ಉಳಿಸೀತು.

ಕ್ಲೋರಿನ್ ಎಲ್ಲಕ್ಕೂ ಮದ್ದಲ್ಲ. ಭೇದಿಯನ್ನುಂಟುಮಾಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿ ಕ್ಲೋರಿನ್ ಇರುವ ಕೊಳದಲ್ಲಿಯೂ ದಿನಗಟ್ಟಲೆ ಬದುಕಬಲ್ಲದು. ಹೊಟ್ಟೆ ಕೆಟ್ಟವರು ಕೊಳಕ್ಕಿಳಿಯಬಾರದೆಂಬ ನಿಯಮ ಅದಕ್ಕಾಗಿಯೇ. ಬೆಚ್ಚನೆಯ ನಿಂತ ನೀರಿನಲ್ಲಿರುವ ಇನ್ನೊಂದು ಅಮೀಬಾ ಮೂಗಿನ ಮೂಲಕ ಏರಿ ಮೆದುಳನ್ನು ಕೆಡಿಸುತ್ತದೆ. 2024ರಲ್ಲಿ ನೆರೆಯ ಕೇರಳದಲ್ಲಿ ಮಕ್ಕಳು ಇದರಿಂದ ಸತ್ತರು. ಈ ರೋಗ ಬಹು ಅಪರೂಪವೆಂಬುದು ನಿಜ. ಆ ಅಮೀಬಾ ಕ್ಲೋರಿನ್ನಿಗೆ ಸಾಯುತ್ತದೆಂಬುದೂ ನಿಜ. ಪಾಚಿಗಟ್ಟಿದ ಬೇಸಗೆಯ ಹೊಂಡದಲ್ಲಿ ಮೂಗಿಗೆ ನೀರು ನುಗ್ಗುವಂತೆ ಧುಮುಕಬಾರದೆಂಬುದಕ್ಕೆ ಇದೊಂದು ಕಾರಣ.

ರಾಸಾಯನಿಕಗಳನ್ನು ಇರಿಸುವ ಕೋಣೆಯ ವಿಚಾರವಾಗಿ ಒಂದು ಮಾತು. ಚೆಲುವೆ ಪುಡಿಯೂ ಆಮ್ಲವೂ ಒಂದೇ ಪಾತ್ರೆಯಲ್ಲಿ ಸೇರಬಾರದು, ಒಂದೇ ಚಮಚೆಯನ್ನೂ ಮುಟ್ಟಬಾರದು. ಸೇರಿದೊಡನೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಅದು ನೆಲದ ಮಟ್ಟದಲ್ಲಿಯೇ ಹರಡುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟುದು ಇದೇ ಅನಿಲವನ್ನು. ಮನೆಯ ಶೌಚಾಲಯ ತೊಳೆಯುವ ಆಮ್ಲಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ನೀರು ತಿಳಿಯಾಗಿರಬೇಕೆಂಬುದಕ್ಕೆ ಆರೋಗ್ಯವಲ್ಲದೆ ಮತ್ತೊಂದು ಕಾರಣವೂ ಉಂಟು. ಕೊಳದ ಅತ್ಯಂತ ಆಳವಾದ ಕಡೆಯ ತಳ ದಡದಲ್ಲಿ ನಿಂತವನ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು. ಕಾಣದಿದ್ದರೆ ಅಂದು ಯಾರನ್ನೂ ಇಳಿಸಬಾರದು. ಏಕೆಂದರೆ ಮುಳುಗುವವನು ಸಿನಿಮಾಗಳಲ್ಲಿ ಕಾಣುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಬಿಡುವಿಲ್ಲದವನು ಕೂಗುವುದೆಂತು? ತಲೆ ಒಂದೆರಡು ಸಲ ಮೇಲೆದ್ದು ಸದ್ದಿಲ್ಲದೆ ಕೆಳಗಿಳಿಯುತ್ತದೆ. ತಿಳಿನೀರಿನಲ್ಲಿ ಅವನನ್ನು ಕಾಣಬಹುದು. ಬಗ್ಗಡದಲ್ಲಿ ಅಡಿಯೆರಡಡಿ ದೂರದಲ್ಲಿದ್ದರೂ ಕಾಣಲಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ಕಡೆ ಕಾವಲುಗಾರನಿರುವ ಈಜುಕೊಳಕ್ಕಿಂತ ಕಾವಲಿಲ್ಲದ ನೀರೇ ಹೆಚ್ಚು ಅಪಾಯಕಾರಿ. ಶಹಾಬಾದ, ಚಿತ್ತಾಪುರಗಳ ಕಡೆ ಹಾಸುಗಲ್ಲನ್ನು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆಯ ನೀರು ತುಂಬುತ್ತದೆ. ನೋಡಲು ತಿಳಿನೀಲಿ, ಆದರೆ ದಂಡೆಯೆಂಬುದಿಲ್ಲ. ಒಂದು ಹೆಜ್ಜೆಗೆ ಮೊಣಕಾಲುದ್ದವಿದ್ದ ನೀರು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತದೆ. 2014ರಿಂದೀಚೆಗೆ ಕೃಷಿಭಾಗ್ಯ ಯೋಜನೆಯಲ್ಲಿ ಹೊಲಹೊಲಗಳಲ್ಲಿ ತೋಡಿದ ಕೃಷಿಹೊಂಡಗಳು ಬೆಳೆಗೆ ಉಪಕಾರಿಯಾದುದೇನೋ ಹೌದು. ನೀರು ಇಂಗದಿರಲೆಂದು ಹಾಸಿದ ಪಾಲಿಥೀನ್ ಹಾಳೆ ಮಾತ್ರ ಒದ್ದೆಯಾದಾಗ ಪಾಚಿಯಂತೆ ಜಾರುತ್ತದೆ. ಒಳಗೆ ಬಿದ್ದವನಿಗೆ ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ, ಒಳಗೆ ಗೂಟಕ್ಕೆ ಕಟ್ಟಿ ಇಳಿಬಿಟ್ಟ ಗಂಟುಹಗ್ಗ, ಇವೆರಡಿಲ್ಲದ ಹೊಂಡ ಪೂರ್ಣವಾಯಿತೆಂದು ಯಾವ ರೈತನೂ ತಿಳಿಯಬಾರದು. ಹಳೆಯ ಹಾಳುಬಾವಿಗಳಲ್ಲಿ ನೀರಿಗಿಂತ ಮೊದಲು ಗಾಳಿಯೇ ಕೊಲ್ಲುವುದುಂಟು. ತಳದಲ್ಲಿ ಉಸಿರುಗಟ್ಟಿಸುವ ಅನಿಲ ನಿಂತಿರುತ್ತದೆ. ಬಿದ್ದ ಕೊಡವನ್ನು ತೆಗೆಯಲು ಅಂಥ ಬಾವಿಗೆ ಒಬ್ಬನೇ ಇಳಿಯುವುದು ಸಲ್ಲದು.

ಒಬ್ಬನು ಮುಳುಗುತ್ತಿದ್ದಾನೆ, ಅವನನ್ನು ಉಳಿಸಲೆಂದು ಗೆಳೆಯ ಹಾರುತ್ತಾನೆ, ಆ ಗೆಳೆಯನನ್ನು ಉಳಿಸಲೆಂದು ಅವನ ಅಣ್ಣ. ಸಂಜೆಗೆ ಒಂದೇ ಊರಿನಲ್ಲಿ ಮೂರು ಮನೆಗಳಲ್ಲಿ ಅಳು. ಇಂಥ ಸುದ್ದಿಯಿಲ್ಲದೆ ನಮ್ಮ ಪತ್ರಿಕೆಗಳಲ್ಲಿ ಒಂದು ಬೇಸಗೆಯೂ ಕಳೆಯುವುದಿಲ್ಲ. ಮುಳುಗುವವನು ಕೈಗೆ ಸಿಕ್ಕಿದುದನ್ನು ಅಪ್ಪಿ ಹಿಡಿಯುತ್ತಾನೆ. ಆ ಹಿಡಿತದಿಂದ ಬಿಡಿಸಿಕೊಳ್ಳುವುದು ನುರಿತ ಈಜುಗಾರನಿಗೂ ಕಷ್ಟ. ಆದುದರಿಂದ ದಡದಲ್ಲಿ ಬೋರಲು ಮಲಗಿ ಕೋಲನ್ನು ಚಾಚಬೇಕು. ಕೋಲಿಲ್ಲದಿದ್ದರೆ ಹಗ್ಗ, ಪಂಚೆ, ಸೀರೆ. ಅದೂ ಎಟುಕದಿದ್ದರೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನೆಸೆದರೂ ಅದು ಅವನನ್ನು ತೇಲಿಸೀತು. ಕೂಗಿ ಜನ ಸೇರಿಸುವುದು ಹೇಡಿತನವಲ್ಲ.

ಮೇಲೆ ತಂದ ಬಳಿಕ ಏನು ಮಾಡಬೇಕೆಂಬುದರಲ್ಲಿಯೂ ಹಳೆಯ ರೂಢಿಗಳು ಅಡ್ಡ ಬರುತ್ತವೆ. ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ತಲೆಯ ಮೇಲೆ ಹೊತ್ತು ತಿರುಗುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಇವುಗಳಿಂದ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಅವನಿಗೆ ಬೇಕಾದುದು ಉಸಿರು. ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಉಸಿರಾಟವಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಐದು ಸಲ ಊದಬೇಕು. ಆಮೇಲೆ ಎದೆಯ ನಡುವೆ ಎರಡು ಕೈಗಳಿಂದ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲದ ವೇಗದಲ್ಲಿ ಗಟ್ಟಿಯಾಗಿ ಒತ್ತಬೇಕು. ಮೂವತ್ತು ಒತ್ತುಗಳಾದ ಮೇಲೆ ಎರಡು ಊದು, ಮತ್ತೆ ಮೂವತ್ತು ಒತ್ತು. ವೈದ್ಯರ ಕೈಗೆ ಒಪ್ಪಿಸುವವರೆಗೂ, ಇಲ್ಲವೆ ಅವನೇ ಉಸಿರಾಡತೊಡಗುವವರೆಗೂ ಇದನ್ನು ನಿಲ್ಲಿಸಬಾರದು. ಕೆಮ್ಮಿ ಎದ್ದು ಕುಳಿತು, ತನಗೇನೂ ಆಗಿಲ್ಲವೆಂದು ಅವನು ಮನೆಗೆ ಹೊರಟರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ಇಳಿದ ನೀರು ಕೆಲವು ಗಂಟೆಗಳ ತರುವಾಯವೂ ಉಸಿರಾಟವನ್ನು ಕೆಡಿಸಬಲ್ಲದು.